ಅಣ್ಣನ ಸಭೆ, ತಮ್ಮನ ಸಭೆ: ಒಂದು ಆಪ್ತಸಲಹೆ ಪ್ರಕರಣ

ಈ ತರಹದ ಪ್ರಕರಣ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಒಂದೇ ಮನೆ, ಎಲ್ಲರೂ ಯೇಸುವನ್ನು ನಂಬಿದವರೇ. ಒಬ್ಬರು ಹಳೆಯ ಸಭೆಯಲ್ಲಿ, ಅಂದರೆ ಹಳೆಯ ಚರ್ಚಿನಲ್ಲಿ, ಉಳಿದಿರುತ್ತಾರೆ, ಇನ್ನೊಬ್ಬರು ಹೊಸ ಸಭೆಗೆ ಹೋಗಿರುತ್ತಾರೆ. ಸ್ವಲ್ಪ ದಿನದಲ್ಲೇ ಊಟ, ಹಬ್ಬ, ಮಕ್ಕಳ ಮದುವೆ ಮಾತು ಎಲ್ಲದಕ್ಕೂ ಜಗಳ ಹತ್ತಿಕೊಳ್ಳುತ್ತದೆ. ಗಂಡ ಹೆಂಡತಿ, ಅತ್ತೆ ಸೊಸೆ, ಅಪ್ಪ ಮಗಳು, ಹೀಗೆ ಜನ ಬೇರೆ ಬೇರೆ. ಜಗಳ ಮಾತ್ರ ಅದೇ. ಅಂಥದ್ದೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಾಯಿಸಿದ್ದೇನೆ.

ಹಳೇ ಮೈಸೂರು ಕಡೆಯ ಕುಟುಂಬ. ತಾತನ ಕಾಲದಲ್ಲಿ ಅವರದು ವೆಸ್ಲಿಯನ್ ಮಿಷನ್ ಸಭೆ, ಈಗ ದಕ್ಷಿಣ ಭಾರತದ ಸಭೆ, ಅಂದರೆ ಸಿಎಸ್‌ಐ. ಅಣ್ಣ ಅಲ್ಲೇ ಕಮಿಟಿಯಲ್ಲಿದ್ದಾರೆ. ತಮ್ಮ ಒಂದು ಸ್ವತಂತ್ರ ಪೆಂಟೆಕೋಸ್ಟಲ್ ಸಭೆ ಸೇರಿ, ಮುಳುಗು ದೀಕ್ಷಾಸ್ನಾನ (ದೊಡ್ಡವರಾದ ಮೇಲೆ ತಾವೇ ನಂಬಿ, ನೀರಿನಲ್ಲಿ ಪೂರ್ತಿ ಮುಳುಗಿ ಪಡೆಯುವ ಬ್ಯಾಪ್ಟಿಸಂ) ತೆಗೆದುಕೊಂಡರು. ಕೆಳಗಿನ ಮನೆಯಲ್ಲಿ ಅಣ್ಣನ ಸಂಸಾರ, ಮಹಡಿಯಲ್ಲಿ ತಮ್ಮನದು. ವಯಸ್ಸಾದ ತಾಯಿ ಕೆಳಗಿರುತ್ತಾರೆ.

ಮೊದಲು ಬಂದಿದ್ದು ತಮ್ಮನ ಹೆಂಡತಿ. ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಬಂದರು. ಸ್ವಲ್ಪ ಮಾತಾಡಿದ ಮೇಲೆ ನಿಜವಾದ ಸಂಕಟ ಹೊರಗೆ ಬಂತು. "ಕ್ರಿಸ್ಮಸ್ ದಿನ ಅತ್ತೆ ಮೇಲೆ ಬಂದು ಒಂದು ತುತ್ತು ತಿನ್ನಲಿಲ್ಲ ಮೇಡಂ. ಮೊನ್ನೆ ಮಗಳು ಕೇಳಿದಳು, ಅಮ್ಮ, ದೊಡ್ಡಪ್ಪ ಪರಲೋಕಕ್ಕೆ ಹೋಗಲ್ವಾ ಅಂತ. ನಾನು ಏನು ಹೇಳಲಿ?"

ಹಾಗಂತ ಮಗುವಿಗೆ ಯಾರೂ ಹೇಳಿರಲಿಲ್ಲ. ಮನೆ ಪ್ರಾರ್ಥನೆಯಲ್ಲಿ ಅಪ್ಪ ದಿನಾ "ಅಣ್ಣನ ಮನೆಯವರು ರಕ್ಷಣೆ ಹೊಂದಲಿ ಕರ್ತನೇ" ಅನ್ನುತ್ತಿದ್ದರು. ಉಳಿದಿದ್ದನ್ನು ಮಗು ತಾನೇ ಲೆಕ್ಕ ಹಾಕಿಕೊಂಡಿತ್ತು.

ಆಕೆಯ ಜೊತೆ ಮಾತಾಡಿದ ಮೇಲೆ ಅಣ್ಣತಮ್ಮಂದಿರನ್ನು ಒಟ್ಟಿಗೆ ಕರೆದೆ. ಬರುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. ತಾಯಿಯ ಮುಖ ನೋಡಿ ಬಂದರು.

ಮೊದಲ ಅರ್ಧ ಗಂಟೆ ಬರೀ ವಾದ. ಅಣ್ಣ ಅಂದರು, "ಅಪ್ಪ ಅಮ್ಮ ನಮ್ಮಿಬ್ಬರನ್ನೂ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸಿದರು. ಇವನು ಅಮ್ಮನ ಎದುರಿಗೇ ಅದು ಬರೀ ನೀರು ಅಂದ." ತಮ್ಮ ಅಂದರು, "ನಾನು ವಾಕ್ಯ ಓದಿ ವಿಧೇಯನಾದೆ. ಅಮ್ಮನಿಗೆ ಅವಮಾನ ಮಾಡಬೇಕು ಅಂತ ಅಲ್ಲ." ಆಮೇಲೆ ಅನ್ಯಭಾಷೆ (ಪ್ರಾರ್ಥನೆಯಲ್ಲಿ ಅರಿಯದ ಭಾಷೆಯಲ್ಲಿ ಮಾತಾಡುವುದು), ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು ಸಭೆಗೆ ಕೊಡುವುದು), ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದ ಪ್ರಸಂಗದ (ಪ್ರವಚನದ) ವಿಡಿಯೋ, ಎಲ್ಲ ಬಂತು. ಇಬ್ಬರ ಬಾಯಲ್ಲೂ ಒಂದೇ ಮಾತು: "ನನಗೂ ಒಂದಾಗಬೇಕು ಅಂತಲೇ ಆಸೆ. ಅವನು ಸತ್ಯಕ್ಕೆ ಬರಲಿ." ತಮ್ಮ ಮಾತ್ರ ಅವನು ಅನ್ನುವಲ್ಲಿ ಅವರು ಅಂದರು, ಅಷ್ಟೇ ವ್ಯತ್ಯಾಸ.

ನಾನು ವಾದ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದೆ. "ಇವರ ಬದುಕಿನಲ್ಲಿ ದೇವರು ಕೆಲಸ ಮಾಡಿದ್ದನ್ನು ನಿಮ್ಮ ಕಣ್ಣಾರೆ ಯಾವಾಗ ನೋಡಿದ್ದೀರಿ? ಒಂದೇ ಒಂದು ಸಂಗತಿ ಹೇಳಿ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಣ್ಣ, ತಮ್ಮನ ಕಡೆ ನೋಡದೆ, "ಇವನು ಕುಡಿಯೋದು ಬಿಟ್ಟ. ನಾವೆಲ್ಲ ವರ್ಷಗಟ್ಟಲೆ ಬುದ್ಧಿ ಹೇಳಿ ಸೋತಿದ್ವಿ. ಆ ಸಭೆಗೆ ಹೋದ ಮೇಲೆ ಬಿಟ್ಟ. ಮತ್ತೆ ಮುಟ್ಟಿಲ್ಲ" ಅಂದರು.

"ಇದನ್ನು ಅವರಿಗೆ ಯಾವತ್ತಾದರೂ ಹೇಳಿದ್ದೀರಾ?"

"ಇಲ್ಲ."

"ಯಾಕೆ?"

"ಹೇಳಿದರೆ ಆ ಸಭೆ ಸರಿ ಅಂತ ಒಪ್ಪಿಕೊಂಡ ಹಾಗೆ ಆಗುತ್ತಲ್ವಾ ಮೇಡಂ."

ಇಡೀ ಪ್ರಕರಣದ ಗಂಟು ಈ ಮಾತಿನಲ್ಲೇ ಇತ್ತು. ಅಣ್ಣ ಪ್ರಾಮಾಣಿಕವಾಗಿ ಹೇಳಿದರು, ಅದಕ್ಕೆ ಅವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ತಮ್ಮ ಕುಡಿತ ಬಿಟ್ಟಾಗ ಇವರು ಒಳಗೊಳಗೇ ದೇವರಿಗೆ ಸ್ತೋತ್ರ ಹೇಳಿದ್ದರು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ವಾದದಲ್ಲಿ ಸೋತ ಹಾಗೆ ಅನ್ನುವ ಭಯ. ಅಂದರೆ ವಾದ ಗೆಲ್ಲುವುದಕ್ಕಾಗಿ ದೇವರು ಮಾಡಿದ ಕೆಲಸವನ್ನೇ ಮುಚ್ಚಿಡಬೇಕಾಯಿತು. ಇಂಥ ಎಷ್ಟೋ ಮನೆಗಳಲ್ಲಿ ಈ ಭಯ ಕೂತಿರುವುದನ್ನು ನೋಡಿದ್ದೇನೆ. ಇಷ್ಟು ಬಿಚ್ಚಿ ಹೇಳುವವರು ಕಡಿಮೆ.

ತಮ್ಮ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಅವರೂ ಹೇಳಿದರು. ಎರಡನೇ ಮಗು ಏಳು ತಿಂಗಳಿಗೇ ಹುಟ್ಟಿ ಆಸ್ಪತ್ರೆಯ ಐಸಿಯುನಲ್ಲಿದ್ದಾಗ ಅಣ್ಣ ಕಾರಿಡಾರಿನ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತು ಪ್ರಾರ್ಥನೆ ಮಾಡಿದ್ದರಂತೆ. ಆಗಲೇ ಇಬ್ಬರಿಗೂ ಸರಿಯಾಗಿ ಮಾತಿರಲಿಲ್ಲ. ಮಗು ಉಳಿಯಿತು. "ದೇವರು ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳುವಾಗ ಅಣ್ಣನ ವಿಷಯ ಬಿಟ್ಟುಬಿಟ್ಟೆ ಮೇಡಂ. ರಕ್ಷಣೆ ಹೊಂದದವರ ಪ್ರಾರ್ಥನೆ ದೇವರು ಹೇಗೆ ಕೇಳಿದರು ಅಂತ ಯಾರಾದರೂ ಕೇಳಿದರೆ ಏನು ಹೇಳೋದು ಅಂತ."

ಆಗ ನಾನು ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 11ನೇ ಅಧ್ಯಾಯ ತೆಗೆದು ತಮ್ಮನಿಗೇ ಓದಲು ಕೊಟ್ಟೆ. ಕೈಸರೈಯದಲ್ಲಿ ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಗೆ ಹೋಗಿ ಬಂದ ಯೇಸುವಿನ ಶಿಷ್ಯ ಪೇತ್ರನನ್ನು ಯೆರೂಸಲೇಮಿನ ವಿಶ್ವಾಸಿಗಳು ತರಾಟೆಗೆ ತೆಗೆದುಕೊಳ್ಳುತ್ತಾರೆ. ಸುನ್ನತಿಯಿಲ್ಲದವರ, ಅಂದರೆ ಯೆಹೂದ್ಯರಲ್ಲದವರ, ಮನೆಗೆ ಹೋಗಿ ಅವರ ಜೊತೆ ಯಾಕೆ ಊಟ ಮಾಡಿದೆ ಅನ್ನುವುದು ಅವರ ದೂರು. ಪೇತ್ರ ವಾದ ಮಾಡುವುದಿಲ್ಲ. ನಡೆದದ್ದನ್ನು ಒಂದೊಂದಾಗಿ ಹೇಳುತ್ತಾನೆ. ನಮಗೆ ಕೊಟ್ಟ ವರವನ್ನೇ ದೇವರು ಅವರಿಗೂ ಕೊಟ್ಟ ಮೇಲೆ ಅವರನ್ನು ತಡೆಯಲು ನಾನು ಯಾರು ಅಂತ ಕೇಳುತ್ತಾನೆ. ಕೇಳಿದವರು ಸುಮ್ಮನಾಗಿ ದೇವರನ್ನು ಕೊಂಡಾಡುತ್ತಾರೆ. ಸುನ್ನತಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 15ನೇ ಅಧ್ಯಾಯದಲ್ಲಿ ಅದೇ ವಿಷಯಕ್ಕೆ ಹಿರಿಯರೆಲ್ಲ ಸೇರಿ ಚರ್ಚೆ ಮಾಡಬೇಕಾಯಿತು. ಆದರೆ ಕ್ರಮ ನೋಡಿ. ದೇವರು ಅವರಲ್ಲೂ ಕೆಲಸ ಮಾಡಿದ್ದಾರೆ ಅಂತ ಒಪ್ಪಿಕೊಂಡಿದ್ದು ಮೊದಲು. ಚರ್ಚೆ ಆಮೇಲೆ.

"ನಿಮ್ಮ ಮನೆಯಲ್ಲಿ ಇದು ತಿರುಗಾ ಮುರುಗಾ ಆಗಿದೆ," ಅಂದೆ. "ಚರ್ಚೆ ಮುಗಿಯಲಿ, ಆಮೇಲೆ ಒಪ್ಪಿಕೊಳ್ಳೋಣ ಅಂತ ಇಬ್ಬರೂ ಕಾಯುತ್ತಿದ್ದೀರಿ."

ನನ್ನ ಸಲಹೆಯೆಲ್ಲ ಇದರ ಮೇಲೇ ನಿಂತಿದೆ. ವಿಶ್ವಾಸಿಗಳ ಐಕ್ಯವನ್ನು ನಾವು ಮಾತುಕತೆಯಿಂದ ಕಟ್ಟುವುದಿಲ್ಲ. ಪವಿತ್ರಾತ್ಮನು ಅದನ್ನು ಆಗಲೇ ಕೊಟ್ಟಾಗಿದೆ. ಅದನ್ನು ಕಾಪಾಡಿಕೊಳ್ಳಿ ಅಂತ ಪೌಲ ಎಫೆಸದವರಿಗೆ ಬರೆಯುತ್ತಾನೆ. ಆ ಇಬ್ಬರು ಒಂದೇ ತಾಯಿಯ ಮಕ್ಕಳಾಗಿದ್ದು ಕೂತು ತೀರ್ಮಾನ ಮಾಡಿ ಅಲ್ಲ. ಮಾತು ಬಿಟ್ಟರೂ ಅಣ್ಣತಮ್ಮಂದಿರೇ. ಕ್ರಿಸ್ತನಲ್ಲಿ ಸಹೋದರರು ಅನ್ನುವುದೂ ಹಾಗೇ. ನಮ್ಮ ಕೈಯಲ್ಲಿ ಇರುವುದು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು, ಇಲ್ಲವೇ ಅದನ್ನು ಸುಳ್ಳು ಅನ್ನುವ ಹಾಗೆ ಬದುಕುವುದು.

ಸಲಹೆ ಕೊಟ್ಟಿದ್ದು ಇಷ್ಟು. ಅವತ್ತು ನನ್ನ ಮುಂದೆ ಹೇಳಿದ್ದನ್ನೇ ಇಬ್ಬರೂ ತಮ್ಮ ತಮ್ಮ ಮನೆ ಪ್ರಾರ್ಥನೆಯಲ್ಲಿ ಮಕ್ಕಳ ಎದುರು ಹೇಳಬೇಕು. ಇನ್ನೊಬ್ಬರಿಗಾಗಿ ಬೇಡಿಕೊಳ್ಳುವ ಮೊದಲು ಅವರಿಗಾಗಿ ಸ್ತೋತ್ರ ಸಲ್ಲಿಸಬೇಕು. ಯಾರು ರಕ್ಷಣೆ ಹೊಂದಿದ್ದಾರೆ, ಯಾರು ಹೊಂದಿಲ್ಲ ಅನ್ನುವ ತೀರ್ಪು ಮನೆಯೊಳಗೆ ಬೇಡ. ಅದು ದೇವರ ಕೆಲಸ. ಫ್ಯಾಮಿಲಿ ಗ್ರೂಪಿನಲ್ಲಿ ಬೇರೆ ಸಭೆಗಳನ್ನು ಬೈಯುವ ಪ್ರಸಂಗದ ತುಣುಕು ಹಾಕುವುದು ಅವತ್ತಿಗೇ ನಿಲ್ಲಬೇಕು. ದೀಕ್ಷಾಸ್ನಾನದ ಬಗ್ಗೆ ಮಾತಾಡಲೇಬೇಕು ಅನ್ನಿಸಿದರೆ ಇಬ್ಬರೇ ಕೂತು, ಬೈಬಲ್ ಮುಂದಿಟ್ಟುಕೊಂಡು ಮಾತಾಡಲಿ. ತಾಯಿಯ ಮುಂದೆ ಬೇಡ, ಊಟದ ಹೊತ್ತಿನಲ್ಲಿ ಬೇಡವೇ ಬೇಡ. ತಮ್ಮನಿಗೆ ಬೇರೆಯಾಗಿ ಇನ್ನೊಂದು ಹೇಳಿದೆ. ನಿಮ್ಮ ನಿಲುವು ಬಿಡಬೇಕಾಗಿಲ್ಲ, ಆದರೆ "ಬರೀ ನೀರು" ಅಂದಿದ್ದಕ್ಕೆ ಅಮ್ಮನ ಹತ್ತಿರ ಕ್ಷಮೆ ಕೇಳಿ ಅಂತ. ನಿಲುವು ಬೇರೆ, ಅದನ್ನು ಹೇಳಿದ ರೀತಿ ಬೇರೆ. ಅಮ್ಮನಿಗೆ ನೋವಾಗಿದ್ದು ಆ ರೀತಿಯಿಂದ.

ದೀಕ್ಷಾಸ್ನಾನದ ವಿಷಯದಲ್ಲಿ ಯಾರು ಸರಿ ಅಂತ ನಾನು ಹೇಳಲಿಲ್ಲ. ನನಗೆ ನನ್ನದೇ ನಿಲುವಿದೆ, ಗಟ್ಟಿಯಾದ ನಿಲುವೇ. ಅದನ್ನು ಅವತ್ತು ಬಾಯಿಬಿಟ್ಟಿದ್ದರೆ ಇಬ್ಬರಲ್ಲಿ ಒಬ್ಬರು ಗೆದ್ದು ಮನೆಗೆ ಹೋಗುತ್ತಿದ್ದರು, ಅಷ್ಟೇ ಲಾಭ. ಈ ಪ್ರಶ್ನೆಗೆ ದೊಡ್ಡ ದೊಡ್ಡ ಸಭೆಗಳೇ ಒಂದು ಉತ್ತರ ಕಂಡುಕೊಂಡಿಲ್ಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತದ ಸಭೆ, ಅಂದರೆ ಸಿಎನ್‌ಐ, ಹುಟ್ಟಿದಾಗ ಅದರಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡದ ಬ್ಯಾಪ್ಟಿಸ್ಟರೂ ಇದ್ದರು. ಶಿಶುಗಳ ದೀಕ್ಷಾಸ್ನಾನ, ವಿಶ್ವಾಸಿಗಳ ದೀಕ್ಷಾಸ್ನಾನ ಎರಡಕ್ಕೂ ಒಂದೇ ಸಭೆಯಲ್ಲಿ ಜಾಗ ಕೊಟ್ಟರು. ಅಷ್ಟು ಜನ ಒಂದೇ ಸಭೆಯಲ್ಲಿ ಇರಲು ಒಪ್ಪಿದ ಮೇಲೆ, ಇಬ್ಬರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಊಟ ಮಾಡಬಹುದು.

ಇದನ್ನು ಕೇಳಿ ಅಣ್ಣ ಸ್ವಲ್ಪ ಹೆಮ್ಮೆಯಿಂದಲೇ "ನಮ್ಮ ಸಿಎಸ್‌ಐ ಕೂಡ ಐಕ್ಯದ ಸಭೆಯೇ" ಅಂದರು. ನಿಜ. ತರಂಗಂಬಾಡಿಯಲ್ಲಿ 1919ರಲ್ಲಿ ಮಾತು ಶುರುವಾಗಿ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಸಭೆಗಳು ಒಂದಾಗುವುದಕ್ಕೆ 28 ವರ್ಷ ಹಿಡಿಯಿತು. ಅದಕ್ಕಾಗಿ ಅಷ್ಟು ದುಡಿದ ಬಿಷಪ್ ಅಜರಯ್ಯ 1945ರಲ್ಲೇ ತೀರಿಕೊಂಡರು, ಆ ದಿನ ನೋಡಲಿಲ್ಲ. ಒಂದಾಗಲು ಹೊರಟವರ ಮುಂದಿದ್ದ ದೊಡ್ಡ ತೊಡಕು ಅಭಿಷೇಕದ್ದು, ಅಂದರೆ ಪಾಸ್ಟರುಗಳನ್ನು ಸೇವೆಗೆ ನೇಮಿಸುವ ವಿಧಿಯದ್ದು. ಬಿಷಪ್ ಕೈಯಿಟ್ಟು ಅಭಿಷೇಕ ಮಾಡಬೇಕು ಅನ್ನುವವರು ಒಂದು ಕಡೆ. ವೆಸ್ಲಿಯನ್ ಸಭೆಯಂತೆ ಬಿಷಪ್ಪರೇ ಇಲ್ಲದ ಸಭೆಗಳಲ್ಲಿ ಅಭಿಷೇಕ ಪಡೆದು ಸೇವೆ ಮಾಡುತ್ತಿದ್ದ ಪಾಸ್ಟರುಗಳು ಇನ್ನೊಂದು ಕಡೆ. ಇನ್ನು ಮುಂದೆ ಬಿಷಪ್ಪರೇ ಅಭಿಷೇಕ ಮಾಡುತ್ತಾರೆ ಅಂತ ಒಪ್ಪಿಕೊಂಡರು. ಆದರೆ ಆಗಲೇ ಸೇವೆಯಲ್ಲಿದ್ದವರು ಮತ್ತೊಮ್ಮೆ ಅಭಿಷೇಕ ತೆಗೆದುಕೊಳ್ಳಬೇಕು ಅನ್ನಲಿಲ್ಲ. ಅವರ ಸೇವೆಯನ್ನು ಹಾಗೇ ಒಪ್ಪಿಕೊಂಡರು. ಅಣ್ಣನಿಗೆ ಕೇಳಿದೆ, "ನಿಮ್ಮ ತಾತನ ಸಭೆಯ ಪಾಸ್ಟರ್ ಅಯ್ಯನವರನ್ನು ಅವರು ಒಪ್ಪಿಕೊಂಡ ಹಾಗೆ ನೀವು ತಮ್ಮನನ್ನು ಒಪ್ಪಿಕೊಳ್ಳಬಹುದಾ?" ಉತ್ತರ ಬರಲಿಲ್ಲ. ಆದರೆ ಆಮೇಲೆ ವಾದವೂ ಬರಲಿಲ್ಲ.

ಈ ಸಲಹೆಗೆ ಎರಡೂ ಕಡೆಯಿಂದ ಆಕ್ಷೇಪ ಬಂದಿದೆ. ತಮ್ಮನ ಪಾಸ್ಟರ್ ಫೋನ್ ಮಾಡಿ "ನೀವು ಸತ್ಯವನ್ನು ತೆಳು ಮಾಡುತ್ತಿದ್ದೀರಿ" ಅಂದರು. ಅಣ್ಣನ ಸಭೆಯ ಹಿರಿಯರೊಬ್ಬರು "ಸಭೆ ಬಿಟ್ಟವರಿಗೆ ಬೆಂಬಲ ಕೊಟ್ಟ ಹಾಗಾಯಿತು" ಅಂದರು. ಇಬ್ಬರ ಕಾಳಜಿಯೂ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ಸತ್ಯಕ್ಕಾಗಿ ಜಗಳ ಮಾಡಲೇಬೇಕಾದ ಸಮಯ ಇದೆ. ಅಂತಿಯೋಕ್ಯದಲ್ಲಿ ಪೌಲ ಎಲ್ಲರ ಮುಂದೆ ಪೇತ್ರನನ್ನು ಎದುರಿಸಿದ. ಯಾತಕ್ಕೆ? ಅನ್ಯಜನರಾಗಿದ್ದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದ ಪೇತ್ರ, ಕೆಲವರಿಗೆ ಹೆದರಿ ಆ ಪಂಕ್ತಿಯಿಂದ ಹಿಂದೆ ಸರಿದ ಅಂತ. ಸುವಾರ್ತೆಯ ಸತ್ಯ ಅಂತ ಪೌಲ ಅಷ್ಟು ಖಾರವಾಗಿ ಎತ್ತಿದ ವಿಷಯವೇ ಒಟ್ಟಿಗೆ ಊಟ ಮಾಡುವುದು. ಸತ್ಯ ಒಂದು ಕಡೆ, ಐಕ್ಯ ಇನ್ನೊಂದು ಕಡೆ ಅಂತ ಎಳೆದಾಡುವವರು ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಇನ್ನೊಂದನ್ನೂ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಮಾತನ್ನು ಯಾರಾದರೂ ತಪ್ಪಾಗಿ ಬಳಸುತ್ತಾರೆ. "ಐಕ್ಯ ಕೆಡಿಸಬೇಡಿ" ಅನ್ನುವ ಮಾತನ್ನು ಬಾಯಿ ಮುಚ್ಚಿಸುವುದಕ್ಕೆ ಬಳಸಿದ್ದನ್ನು ನಾನು ನೋಡಿದ್ದೇನೆ. ಸಭೆಯ ಲೆಕ್ಕ ಕೇಳಿದವರಿಗೆ, ಕಿರುಕುಳ ಅನುಭವಿಸಿ ದೂರು ಕೊಟ್ಟ ಹೆಣ್ಣುಮಕ್ಕಳಿಗೆ ಹಾಗಂದಿದ್ದಾರೆ. ಅಂಥವರು ನನ್ನ ಹತ್ತಿರ ಬಂದರೆ ಈ ಪ್ರಕರಣದ ಸಲಹೆ ಕೊಡುವುದೇ ಇಲ್ಲ. ಅವರು ಮಾತಾಡಲೇಬೇಕು, ಬೇಕಿದ್ದರೆ ಪೊಲೀಸರ ಹತ್ತಿರವೂ ಹೋಗಬೇಕು. ಕೊರಿಂಥದಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಕೆಲವರು ಹೊಟ್ಟೆ ತುಂಬ ತಿಂದರು, ಬಡವರು ಹಸಿದು ಕೂತರು. ಐಕ್ಯ ಮುಖ್ಯ, ಸುಮ್ನೆ ಇರಿ ಅಂತ ಪೌಲ ಆ ಬಡವರಿಗೆ ಹೇಳಲಿಲ್ಲ. ತಿಂದವರನ್ನು ಗದರಿಸಿದ. ಅನ್ಯಾಯ ಆದಲ್ಲಿ ನ್ಯಾಯ ಬೇಕು. ಈ ಅಣ್ಣತಮ್ಮಂದಿರ ನಡುವೆ ಅಂಥ ಅನ್ಯಾಯ ಇರಲಿಲ್ಲ. ಇಬ್ಬರೂ ಒಬ್ಬನೇ ಕರ್ತನನ್ನು ಪ್ರೀತಿಸುತ್ತಿದ್ದರು, ಅದನ್ನು ಒಬ್ಬರಲ್ಲೊಬ್ಬರು ನೋಡಲು ಹೆದರುತ್ತಿದ್ದರು.

ಈಗ ಹೇಗಿದ್ದಾರೆ ಅಂದರೆ, ಭಾನುವಾರ ಇಬ್ಬರೂ ಬೇರೆ ಬೇರೆ ಸಭೆಗೇ ಹೋಗುತ್ತಾರೆ. ದೀಕ್ಷಾಸ್ನಾನದ ಬಗ್ಗೆ ಇಬ್ಬರ ನಿಲುವೂ ಹಾಗೇ ಇದೆ. ತಮ್ಮನೇ ಹೋಗಿ ಅಮ್ಮನ ಹತ್ತಿರ ಕ್ಷಮೆ ಕೇಳಿದರು. ಅಮ್ಮ ಈಗ ಮೇಲೆ ಬಂದು ಊಟ ಮಾಡುತ್ತಾರೆ. ಮಗಳ ಪ್ರಶ್ನೆಗೆ ತಮ್ಮನೇ ಉತ್ತರ ಕೊಟ್ಟರಂತೆ: "ನೀನು ಹುಟ್ಟಿದಾಗ ನಿನಗೋಸ್ಕರ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದ್ದು ದೊಡ್ಡಪ್ಪ. ದೇವರು ಕೇಳಿದರು." ಗ್ರೂಪಿನಲ್ಲಿ ಆಮೇಲೂ ಒಮ್ಮೆ ಒಂದು ವಿಡಿಯೋ ಬಂತು. ಈ ಸಲ ಹಾಕಿದ್ದು ಅಣ್ಣ. ಅವರ ಹೆಂಡತಿಯೇ ಹೇಳಿ ತೆಗೆಸಿದರು.

ಹೋದ ತಿಂಗಳು ಅಣ್ಣ ಒಬ್ಬರೇ ಬಂದಿದ್ದರು. ಕಾಲೇಜಿಗೆ ಹೋಗುವ ಮಗ ಚಿಕ್ಕಪ್ಪನ ಸಭೆಯ ಯುವಕರ ಕೂಟಕ್ಕೆ ಹೋಗಿ ಬಂದು, ಮುಳುಗು ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಅನ್ನುತ್ತಿದ್ದಾನೆ. ಅಣ್ಣನಿಗೆ ತಮ್ಮನ ಮೇಲೆ ಮತ್ತೆ ಕೋಪ ಬಂದಿದೆ. ಆದರೆ ಈ ಸಲ ಜಗಳ ಆಡುವ ಮೊದಲೇ ನನ್ನ ಹತ್ತಿರ ಬಂದರು. ತಮ್ಮನೇ ಹುಡುಗನ ತಲೆ ತುಂಬಿದ ಅಂತ ತೀರ್ಮಾನ ಮಾಡಬೇಡಿ, ನೇರವಾಗಿ ಅವರನ್ನೇ ಕೇಳಿ ಅಂದೆ. ಮಗ ಮೊದಲು ತನ್ನ ಸಭೆಯ ಅಯ್ಯನವರ ಜೊತೆ ಕೂತು ಮಾತಾಡಲಿ, ಅಲ್ಲಿಯವರೆಗೆ ಚಿಕ್ಕಪ್ಪನೂ ಅವಸರ ಮಾಡಿಸಬಾರದು ಅಂದೆ. ಅಯ್ಯನವರ ಭೇಟಿ ಮುಂದಿನ ವಾರ ಇದೆ. ಹುಡುಗನ ಜೊತೆ ತಾನೂ ಬರುತ್ತೇನೆ ಅಂತ ತಮ್ಮ ಹೇಳಿದ್ದಾರೆ.