ಪರ್ತ್‌ಗೆ ಹೊಸದಾಗಿ ಬಂದವರು ಟ್ರಕ್ ಮೋಟರ್‌ಹೋಮ್ ಕೊಳ್ಳಬೇಕೇ? ಸಂಡೂರಿನ ತಮ್ಮನಿಗೊಂದು ಉತ್ತರ

ತಮ್ಮಾ, ನೀವು ಸಂಡೂರಿನ ಗಣಿ ಕೆಲಸ ಬಿಟ್ಟು ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಉತ್ತರದ ಪಿಲ್ಬರಾ ಪ್ರದೇಶದ ಅದಿರು ಗಣಿಯಲ್ಲಿ ಎರಡು ವಾರ ದುಡಿದು ಒಂದು ವಾರ ಮನೆಯಲ್ಲಿರುವ ಪಾಳಿ ಸಿಕ್ಕಿದೆ, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿದೆ. ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಈ ದೇಶ ಸುತ್ತಲು ಫೋರ್ ವೀಲ್ ಡ್ರೈವ್ ಟ್ರಕ್ಕಿನ ಮೇಲೆ ಮನೆ ಕಟ್ಟಿದ ಕಚ್ಚಾ ರಸ್ತೆಯಲ್ಲೂ ದೂರ ಹೋಗಬಲ್ಲ ಓವರ್‌ಲ್ಯಾಂಡ್ ಮಾದರಿಯ ಮೋಟರ್‌ಹೋಮ್ ಕೊಳ್ಳಬಹುದೇ, ಮುಂದಿನ ವರ್ಷ ಊರಿನಿಂದ ಬರುವ ತಂದೆ-ತಾಯಿಯನ್ನೂ ಅದರಲ್ಲೇ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಬಳ್ಳಾರಿಯಿಂದ ಬಂದು ಇಲ್ಲೇ ನೆಲೆಸಿ, ಅಂಥದೊಂದು ವಾಹನವನ್ನು ವರ್ಷಗಳಿಂದ ಇಟ್ಟುಕೊಂಡಿರುವ ನಿಮ್ಮ ಅಕ್ಕನಾಗಿ ಹೇಳುತ್ತೇನೆ: ಆ ವಾಹನ ಬಹಳ ಒಳ್ಳೆಯದು, ಆದರೆ ನಿಮ್ಮ ಈಗಿನ ಸಂಸಾರಕ್ಕೆ ಅದು ಹೊಂದುವುದಿಲ್ಲ.

ಮೊದಲಿಗೆ ಸೀಟುಗಳನ್ನು ಎಣಿಸಿ. ಇಸುಜು ಅಥವಾ ಫ್ಯೂಸೊ ಕ್ಯಾಂಟರ್‌ನಂತಹ ಟ್ರಕ್ಕುಗಳ ಸಾಮಾನ್ಯ ಕ್ಯಾಬಿನ್ನಿನಲ್ಲಿ ಚಾಲಕರೂ ಸೇರಿ ಮೂವರು ಕೂರಬಹುದು. ಹಿಂದಿನ ಮನೆಯ ಭಾಗದಲ್ಲಿ ಎಷ್ಟೇ ಜಾಗವಿರಲಿ, ಅನುಮೋದಿತ ಸೀಟು ಮತ್ತು ಬೆಲ್ಟ್ ಇಲ್ಲದೆ ಅಲ್ಲಿ ಯಾರನ್ನೂ ಕೂರಿಸಿಕೊಂಡು ಹೋಗುವಂತಿಲ್ಲ. ಎರಡು ಸಾಲು ಸೀಟಿನ ಕ್ಯಾಬಿನ್ ಕೊಂಡರೆ ಅಷ್ಟರಮಟ್ಟಿಗೆ ಮನೆ ಗಿಡ್ಡವಾಗುತ್ತದೆ. ಹಿರಿಯರು ಬಂದರೆ ನೀವು ಆರು ಜನ. ಅದೂ ಅಲ್ಲದೆ ಮೊಣಕಾಲು ನೋವಿರುವ ತಾಯಿಯವರು ಎದೆಯೆತ್ತರದ ಬಾಗಿಲಿಗೆ ಏಣಿ ಹತ್ತಿ ಇಳಿಯುವುದು ಆಗದ ಮಾತು.

ಇನ್ನು ತೂಕದ ವಿಷಯ. ಇದನ್ನು ಮಾರುವವರು ಬಾಯಿಬಿಟ್ಟು ಹೇಳುವುದು ಕಡಿಮೆ. ಇಲ್ಲಿ ಕಾರಿನ ಲೈಸೆನ್ಸಿನಲ್ಲಿ 4.5 ಟನ್‌ವರೆಗಿನ ವಾಹನ ಓಡಿಸಬಹುದು, ಆದರೆ ಅದು ನೀರು, ಡೀಸೆಲ್, ಜನ, ಸಾಮಾನು ಎಲ್ಲ ಸೇರಿದ ಮೇಲೂ ಮೀರಬಾರದ ಒಟ್ಟು ತೂಕ. 200 ಲೀಟರ್ ನೀರು ತುಂಬಿದರೆ 200 ಕೆ.ಜಿ., 150 ಲೀಟರ್ ಡೀಸೆಲ್ಲಿಗೆ ಸುಮಾರು 125 ಕೆ.ಜಿ.; ಅದರ ಮೇಲೆ ನಾಲ್ಕು ಜನ, ಎರಡನೆಯ ಸ್ಟೆಪ್ನಿ, ಹಾಸಿಗೆ, ಪಾತ್ರೆ, ಹಿಟ್ಟು, ಬೇಳೆ. ಕಾರಿನ ಲೈಸೆನ್ಸ್ ಸಾಕು ಎಂದು ತೋರಿಸುವ ಟ್ರಕ್ ಮನೆಗಳಲ್ಲಿ ಹಲವು ಖಾಲಿಯಿರುವಾಗಲೇ ಆ ಮಿತಿಯ ಹತ್ತಿರ ಬಂದಿರುತ್ತವೆ. ನಮ್ಮ ಕಡೆ ಅದಿರು ಲಾರಿಗೆ ಸ್ಪ್ರಿಂಗ್ ಪ್ಲೇಟು ಕುಸಿಯುವಷ್ಟು ತುಂಬಿ ಓಡಿಸಿದ್ದನ್ನು ನೀವೇ ಕಂಡಿದ್ದೀರಿ. ಇಲ್ಲಿ ತೂಕ ಮೀರಿದ ವಾಹನ ಅಪಘಾತವಾದರೆ ವಿಮೆಯ ಹಣಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಮುಂದೆ ಎಂದಾದರೂ ಕೊಳ್ಳುವುದಾದರೆ 8 ಟನ್‌ವರೆಗೆ ಓಡಿಸಲು ಬಿಡುವ ಎಲ್‌ಆರ್ (ಲೈಟ್ ರಿಜಿಡ್, ಅಂದರೆ ಸಣ್ಣ ಟ್ರಕ್ಕಿನ) ಲೈಸೆನ್ಸ್ ಮೊದಲು ಮಾಡಿಸಿಕೊಳ್ಳಿ.

ಹಾಗಾದರೆ ಇಂಥ ವಾಹನ ಯಾರಿಗೆ ಬೇಕು? ತಿಂಗಳುಗಟ್ಟಲೆ ರಜೆ ಇದ್ದು, ಡಾಂಬರು ಮುಗಿದ ಮೇಲೂ ಮುಂದಕ್ಕೆ ಹೋಗಬೇಕೆನ್ನುವ ಇಬ್ಬರಿಗೆ. ರಾಜ್ಯದ ಉತ್ತರ ತುದಿಯ ಕಿಂಬರ್ಲಿ ಪ್ರದೇಶದಲ್ಲಿ ಡರ್ಬಿಯಿಂದ ಕುನುನುರ್ರಾ ಕಡೆಗೆ ಸಾಗುವ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ. ಉದ್ದವಿದೆ, ಅದರಲ್ಲಿ ಬಹುಪಾಲು ಮಣ್ಣು ಮತ್ತು ಜಲ್ಲಿ. ಮಳೆಗಾಲದಲ್ಲಿ ಮುಚ್ಚಿಬಿಡುತ್ತಾರೆ, ಸಾಮಾನ್ಯವಾಗಿ ಮೇ ತಿಂಗಳಿನಿಂದಷ್ಟೇ ಹೋಗಬಹುದು. ಟೈರುಗಳ ಓಡಾಟಕ್ಕೆ ನೆಲವೆಲ್ಲ ಅಡ್ಡ ಅಲೆಗಳಾಗಿ ಗಟ್ಟಿಯಾಗಿರುತ್ತದೆ. ಆ ಅದುರುವಿಕೆಗೆ ಸಾಧಾರಣ ಮೋಟರ್‌ಹೋಮಿನ ಕಪಾಟಿನ ಸ್ಕ್ರೂಗಳು ಒಂದೊಂದಾಗಿ ಉದುರುತ್ತವೆ, ಬಾಗಿಲ ಸಂದಿಯಿಂದ ಕೆಂಪು ಧೂಳು ಹಾಸಿಗೆಯವರೆಗೆ ಬರುತ್ತದೆ. ಒಳ್ಳೆಯ ಟ್ರಕ್ ಮನೆಯನ್ನು ಈ ರಸ್ತೆಗೆಂದೇ ಕಟ್ಟಿರುತ್ತಾರೆ. ಹಳ್ಳದಲ್ಲಿ ಇಳಿದಾಗ ಟ್ರಕ್ಕಿನ ಚಾಸಿ ತಿರುಚಿಕೊಳ್ಳುತ್ತದೆ, ಮೇಲಿನ ಮನೆಗೆ ಹಾಗೆ ತಿರುಚಿಕೊಳ್ಳಲು ಬರುವುದಿಲ್ಲ. ಅದಕ್ಕಾಗಿ ನಡುವೆ ಇನ್ನೊಂದು ಫ್ರೇಮ್ ಇಟ್ಟು, ಸ್ಪ್ರಿಂಗ್ ಮೇಲೋ ಮೂರು ಬಿಂದುಗಳ ಮೇಲೋ ಕೂರಿಸುತ್ತಾರೆ. ನೇರವಾಗಿ ಬೋಲ್ಟ್ ಹಾಕಿದ್ದರೆ ಗೋಡೆಯ ಮೂಲೆಗಳು ಬಿರುಕು ಬಿಡುತ್ತವೆ. ಹಿಂದಿನ ಜೋಡಿ ಟೈರುಗಳನ್ನು ತೆಗೆದು ಅಗಲವಾದ ಒಂಟಿ ಟೈರು ಹಾಕಿರುವುದೂ ಸುಮ್ಮನೆ ಅಲ್ಲ: ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಳ್ಳುತ್ತದೆ, ಮರಳಿನಲ್ಲಿ ಅವು ಮುಂದಿನ ಚಕ್ರದ ಜಾಡಿನಲ್ಲಿ ಕೂರದೆ ಹೊಸ ಮರಳನ್ನು ತಳ್ಳುತ್ತ ಎಂಜಿನ್ನನ್ನು ದಣಿಸುತ್ತವೆ. ಚಾವಣಿಯ ಸೋಲಾರ್, ಲಿಥಿಯಂ ಬ್ಯಾಟರಿ, ದೊಡ್ಡ ನೀರಿನ ಟ್ಯಾಂಕ್ ಇದ್ದರೆ ಹಲವು ದಿನ ಊರಿನ ಹಂಗಿಲ್ಲದೆ ಇರಬಹುದು. ಆ ಸ್ವಾತಂತ್ರ್ಯದ ಬೆಲೆ ನನಗೆ ಗೊತ್ತು, ಅದನ್ನು ಕಡಿಮೆ ಮಾಡಿ ಹೇಳಲಾರೆ.

ಅಡುಗೆಯ ಬಗ್ಗೆ ಒಂದು ಮಾತು. ಗ್ಯಾಸ್ ಬೇಡವೆಂದು ಅನೇಕರು ಡೀಸೆಲ್ ಒಲೆ ಹಾಕಿಸುತ್ತಾರೆ. ಅದರ ಮೇಲೆ ಗಾಜಿನ ಹಲಗೆಯಿರುತ್ತದೆ, ಉರಿ ಹೊರಗೆ ಬರುವುದಿಲ್ಲ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಉಬ್ಬಿಸಬೇಕೇ ಹೊರತು ಉರಿಗೆ ಒಡ್ಡಲಾಗದು. ಒಣಮೆಣಸಿನಕಾಯಿ ಒಗ್ಗರಣೆಯನ್ನು ಆ ಪೆಟ್ಟಿಗೆಯೊಳಗೆ ಹಾಕಿದರೆ ಕೆಮ್ಮಿ ಸಾಕಾಗುತ್ತದೆ.

ನಿಮ್ಮ ಒಂದು ವಾರದ ಬಿಡುವಿಗೆ ಟ್ರಕ್ ಮನೆಯ ಅಗತ್ಯವಿಲ್ಲ. ನ್ಯೂಮನ್, ಪೋರ್ಟ್ ಹೆಡ್‌ಲೆಂಡ್, ಬ್ರೂಮ್‌ವರೆಗೂ ಡಾಂಬರು ರಸ್ತೆಯಿದೆ. ಪೂರ್ವಕ್ಕೆ ಹೋಗಲು ನಲ್ಲಾರ್ಬರ್ ಬಯಲು ದಾಟುವ ಐರ್ ಹೆದ್ದಾರಿಗೆ 1976ರಲ್ಲೇ ಪೂರ್ತಿ ಡಾಂಬರು ಬಿದ್ದಿದೆ. ನಮ್ಮ ಈ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದಲ್ಲಿ ಹೆದ್ದಾರಿ ಬದಿಯ ತಂಗುದಾಣಗಳಲ್ಲಿ, ಫಲಕ ಬೇಡವೆನ್ನದಿದ್ದರೆ, 24 ಗಂಟೆಯವರೆಗೆ ಯಾವುದೇ ವಾಹನದಲ್ಲಿ ಮಲಗಬಹುದು. ಮೂರು ಮೀಟರ್ ಮೀರಿದ ಟ್ರಕ್ ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯೊಳಗೆ ಹೋಗುವುದೂ ಇಲ್ಲ, ವರ್ಷವಿಡೀ ಅದನ್ನು ನಿಲ್ಲಿಸಲು ಬೇರೆ ಬಾಡಿಗೆ ಕೊಡಬೇಕು. ಈಗಿನ ಮಟ್ಟಿಗೆ ನೀವು ನಾಲ್ವರಿಗೆ ಒಂದು ಫೋರ್ ವೀಲ್ ಡ್ರೈವ್ ಮತ್ತು ಅದರ ಹಿಂದೆ ಎಳೆಯುವ, ಬಿಚ್ಚಿದರೆ ಮಲಗಲು ಜಾಗವಾಗುವ ಕ್ಯಾಂಪರ್ ಟ್ರೈಲರ್ ಸಾಕು. ಟ್ರೈಲರನ್ನು ಬಿಡಾರದಲ್ಲಿ ಬಿಟ್ಟು ಹಾಲು ತರಲು ಕಾರಿನಲ್ಲಿ ಹೋಗಿ ಬರಬಹುದು. ತಂದೆ-ತಾಯಿಯನ್ನು ಜೂನ್‌ನಿಂದ ಆಗಸ್ಟ್‌ನೊಳಗೆ ಕರೆಸಿ, ಆರು ಸೀಟು, ಆರು ಹಾಸಿಗೆಯ ಸಾಧಾರಣ ಮೋಟರ್‌ಹೋಮನ್ನು ಬಾಡಿಗೆಗೆ ಪಡೆದು ಉತ್ತರಕ್ಕೆ ಹೊರಡಿ. ಬಾಡಿಗೆ ಕರಾರಿನಲ್ಲಿ ಮಣ್ಣಿನ ರಸ್ತೆಗೂ ರಾತ್ರಿ ಓಡಾಟಕ್ಕೂ ಸಾಮಾನ್ಯವಾಗಿ ನಿರ್ಬಂಧವಿರುತ್ತದೆ. ಮುಸ್ಸಂಜೆಯಲ್ಲಿ ಕಾಂಗರೂಗಳು ಅಡ್ಡ ಬರುವುದನ್ನೂ ಹಲವು ಟ್ರೈಲರುಗಳನ್ನು ಸಾಲಾಗಿ ಎಳೆಯುವ 53.5 ಮೀಟರ್ ಉದ್ದದ ರೋಡ್ ಟ್ರೈನ್ ಲಾರಿಗಳನ್ನೂ ನೋಡಿದರೆ ಆ ನಿರ್ಬಂಧ ಸರಿಯೆಂದೇ ನನಗೆ ಅನಿಸುತ್ತದೆ.

ಇಷ್ಟಾದ ಮೇಲೂ ಮನಸ್ಸು ಟ್ರಕ್ಕಿನ ಮೇಲೆಯೇ ಇದ್ದರೆ, ಮುಂಗಡ ಕೊಡುವ ಮೊದಲು ಟ್ಯಾಂಕುಗಳನ್ನು ತುಂಬಿಸಿ, ಮನೆಯವರೆಲ್ಲರನ್ನೂ ಕೂರಿಸಿ ವೇ ಬ್ರಿಡ್ಜ್ ಮೇಲೆ ಅದನ್ನು ತೂಗಿಸಿ, ಮುಂದಿನ ಹಿಂದಿನ ಆಕ್ಸಲ್‌ಗಳ ತೂಕ ಬೇರೆ ಬೇರೆ ಬರೆಸಿಕೊಂಡು ಆ ಚೀಟಿಯನ್ನು ನನಗೆ ಕಳುಹಿಸಿ.