14 ತಂಡಗಳ ಲೀಗ್ ನಡೆಸೋಕೆ ಯಾವ ಆನ್‌ಲೈನ್ ಸಾಫ್ಟ್‌ವೇರ್ ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಶಹಾಪುರದ ಕಡೆ 14 ಟೆನಿಸ್ ಬಾಲ್ ತಂಡಗಳಿವೆ, ಎರಡು ಮೈದಾನ, ಆಟ ಭಾನುವಾರ ಮಾತ್ರ. ಕೊನೆಗೆ ಒಂದು ದಿನದ ಕಬಡ್ಡಿ ಟೂರ್ನಿಯೂ ಇದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ, ಫ್ರೀ ಇರೋದು ಸಾಕಾ?

ಫ್ರೀ ಇರೋದೇ ಸಾಕು. ಕ್ರಿಕೆಟ್‌ಗೆ ಕ್ರಿಕ್‌ಹೀರೋಸ್ (CricHeroes) ಆ್ಯಪ್, ಕಬಡ್ಡಿಗೆ ಚಾಲಂಜ್ (Challonge) ವೆಬ್‌ಸೈಟ್. ನಾನು ಕಲಬುರಗಿಯಲ್ಲಿ ಗೆಳೆಯರ ಜೊತೆ ಇಂಥದ್ದೇ ಲೀಗಿನ ಸ್ಕೋರು, ಪಟ್ಟಿ ನೋಡಿಕೊಳ್ಳುತ್ತೇನೆ. ಆದರೆ ಆ್ಯಪ್ ಇಳಿಸಿಕೊಳ್ಳೋ ಮೊದಲು ಒಂದು ಹಾಳೆ ತಗೊಂಡು ನಿಮ್ಮ ಲೀಗಿನ ನಿಯಮ ಬರೆಯಿರಿ. ಆ ನಿಯಮಕ್ಕೆ ಬಗ್ಗೋ ಸಾಫ್ಟ್‌ವೇರ್ ಬೇಕು. ಸಾಫ್ಟ್‌ವೇರ್ ಹೇಳಿದಂತೆ ನಿಯಮ ಬದಲಿಸೋಕೆ ಹೋದರೆ ನಾಯಕರೆಲ್ಲ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ.

ಮೊದಲು ಪಂದ್ಯಗಳ ಲೆಕ್ಕ. 14 ತಂಡಗಳು ಎಲ್ಲರೂ ಎಲ್ಲರ ಜೊತೆ ಆಡಿದರೆ 91 ಪಂದ್ಯ. ಎರಡು ಮೈದಾನದಲ್ಲಿ ಭಾನುವಾರಕ್ಕೆ ತಲಾ ಮೂರು ಅಂದರೂ 16 ಭಾನುವಾರ ಬೇಕು. ನವೆಂಬರ್‌ನಲ್ಲಿ ಶುರು ಮಾಡಿದರೂ ಮುಗಿಯೋದು ಫೆಬ್ರವರಿ, ಮಾರ್ಚ್ ಹೊತ್ತಿಗೇ. ಅದರ ಬದಲು ಏಳೇಳು ತಂಡಗಳ ಎರಡು ಗುಂಪು ಮಾಡಿ. ಗುಂಪಿಗೆ 21 ಪಂದ್ಯ, ಒಟ್ಟು 42. ಒಂದೊಂದು ಗುಂಪಿಗೆ ಒಂದೊಂದು ಮೈದಾನ ಕೊಟ್ಟರೆ ಏಳು ಭಾನುವಾರಕ್ಕೆ ಸರಿಯಾಗಿ ಮುಗಿಯುತ್ತೆ. ಎಂಟನೆಯದಕ್ಕೆ ಎರಡು ಸೆಮಿಫೈನಲ್, ಒಂದು ಫೈನಲ್. ಇದರಲ್ಲಿ ಇನ್ನೊಂದು ಲಾಭ ಇದೆ. ಏಳು ತಂಡದ ಗುಂಪಲ್ಲಿ ಪ್ರತಿ ವಾರ ಒಂದು ತಂಡ ಖಾಲಿ ಇರುತ್ತೆ, ಅಲ್ವಾ? ಅಂಪೈರು, ಸ್ಕೋರರ್ ಆ ತಂಡದಿಂದಲೇ ಬರಬೇಕು ಅಂತ ನಿಯಮ ಮಾಡಿ. ಎಷ್ಟು ದೊಡ್ಡ ಸಾಫ್ಟ್‌ವೇರ್ ತಗೊಂಡರೂ ಬಿಸಿಲಲ್ಲಿ ಕೂತು ಒಂದೊಂದು ಬಾಲಿನ ಸ್ಕೋರು ಫೋನಲ್ಲಿ ಒತ್ತೋಕೆ ಒಬ್ಬ ಹುಡುಗ ಬೇಕೇ ಬೇಕು.

ಇನ್ನು ಜಗಳ ಹುಟ್ಟೋ ಜಾಗ: ನೆಟ್ ರನ್ ರೇಟ್, ಅಂದರೆ ಓವರಿಗೆ ಹೊಡೆದ ಸರಾಸರಿ ರನ್ನಿನಿಂದ ಓವರಿಗೆ ಕೊಟ್ಟ ಸರಾಸರಿ ರನ್ ಕಳೆದರೆ ಬರೋದು. ಉದಾಹರಣೆಗೆ 10 ಓವರ್ ಆಟ. ನಿಮ್ಮ ತಂಡ 97 ರನ್ನನ್ನು 8.3 ಓವರ್‌ನಲ್ಲಿ ಹೊಡೆಯಿತು. 8.3 ಅಂದರೆ ಎಂಟು ಓವರ್, ಮೂರು ಬಾಲ್. ಲೆಕ್ಕಕ್ಕೆ ಅದು ಎಂಟೂವರೆ. 97ನ್ನು 8.5ರಿಂದ ಭಾಗಿಸಿದರೆ 11.41. ಎಕ್ಸೆಲ್‌ನಲ್ಲಿ ಸುಮ್ನೆ 8.3 ಅಂತ ಹಾಕಿ ಭಾಗಿಸಿದರೆ 11.69 ಬರುತ್ತೆ. ಇಷ್ಟು ವ್ಯತ್ಯಾಸದಲ್ಲಿ ಸೆಮಿಫೈನಲ್ ಸೀಟೇ ಬೇರೆಯವರ ಪಾಲಾಗಬಹುದು. ಇನ್ನೊಂದು, ತಂಡ ಆಲೌಟ್ ಆದರೆ ಪೂರ್ತಿ 10 ಓವರ್ ಆಡಿದಂತೆ ಲೆಕ್ಕ. 7.2 ಓವರ್‌ಗೆ 60ಕ್ಕೆ ಆಲೌಟ್ ಆದವರ ರೇಟು 6, 8.18 ಅಲ್ಲ. ಎಲ್ಲಾ ಆಟಕ್ಕೂ ಆಗುತ್ತೆ ಅಂತ ಹೇಳಿಕೊಳ್ಳೋ ಸಾಫ್ಟ್‌ವೇರ್‌ಗಳಲ್ಲಿ ಈ ಎರಡನ್ನೂ ಮೊದಲೇ ಪರೀಕ್ಷೆ ಮಾಡಿ. ಕ್ರಿಕೆಟ್‌ಗೆ ಕ್ರಿಕೆಟ್‌ನದೇ ಆ್ಯಪ್ ಇರಲಿ ಅಂತ ನಾನು ಹೇಳೋದು ಇದಕ್ಕೇ.

ಅಂಕ ಸಮ ಆದಾಗ ಮೊದಲು ರನ್ ರೇಟ್ ನೋಡ್ತೀರಾ, ಇಬ್ಬರ ನಡುವಿನ ಪಂದ್ಯದಲ್ಲಿ ಗೆದ್ದವರು ಯಾರು ಅಂತ ನೋಡ್ತೀರಾ? ಎದುರಾಳಿ ಬರದೇ ವಾಕೋವರ್ ಆದರೆ ಎಷ್ಟು ಅಂಕ? ಇದನ್ನೂ ಹಾಳೆ ಮೇಲೆ ಬರೆದು ನಾಯಕರ ಸಹಿ ಹಾಕಿಸಿ. ಸಾಫ್ಟ್‌ವೇರ್‌ನಲ್ಲಿ ಆ ಕ್ರಮ ಬದಲಿಸೋಕೆ ಬರುತ್ತಾ ನೋಡಿ.

ನಮ್ಮ ಕಡೆಯ ಇನ್ನೊಂದು ತಲೆನೋವು ಹೆಸರು. ಒಂದೇ ತಂಡದಲ್ಲಿ ಮೂವರು ಶರಣಬಸಪ್ಪ, ಇಬ್ಬರು ಮಲ್ಲಿಕಾರ್ಜುನ ಇದ್ದರೆ ಆಶ್ಚರ್ಯ ಏನಿಲ್ಲ. ಅದರ ಮೇಲೆ ಒಬ್ಬ ಒಂದು ಕಡೆ ‘ಶರಣು’ ಅಂತ ಬರೆಸ್ತಾನೆ, ಇನ್ನೊಂದು ಕಡೆ ‘ಶರಣಪ್ಪ’ ಅಂತ. ಫೋನ್ ನಂಬರ್ ಮೇಲೆ ಆಟಗಾರರನ್ನು ಸೇರಿಸಿದರೆ ಒಬ್ಬನೇ ಎರಡು ತಂಡದಲ್ಲಿ ಆಡೋದು ಬಹುಮಟ್ಟಿಗೆ ತಪ್ಪುತ್ತೆ. ಬಹುಮಟ್ಟಿಗೆ ಅಂದೆ, ಯಾಕೆಂದರೆ ಎರಡು ಸಿಮ್ ಇರೋರು ಇದ್ದೇ ಇರ್ತಾರೆ. ನಂಬರ್‌ಗಳು ಎಲ್ಲರಿಗೂ ಕಾಣೋ ಹಾಗೆ ಮಾತ್ರ ಇಡಬೇಡಿ. ಶಾಲೆ ಹುಡುಗರಿದ್ದರೆ ಮನೆಯವರನ್ನು ಕೇಳಿಯೇ ಸೇರಿಸಿ.

ವೇಳಾಪಟ್ಟಿ ಬದಲಿಸೋದು ಸುಲಭ ಇರಬೇಕು. ಎರೆ ಮಣ್ಣಿನ ಮೈದಾನ ಒಂದು ಮಳೆ ಬಿದ್ದರೆ ಬೂಟಿಗೆ ಅಂಟಿಕೊಂಡು ಬರುತ್ತೆ, ಎರಡು ಮೂರು ದಿನ ಆಡೋಕಾಗಲ್ಲ. ಜಾತ್ರೆ ಇದ್ದರೆ ಊರೇ ಅಲ್ಲಿರುತ್ತೆ. ರಂಜಾನ್ ಉಪವಾಸದಲ್ಲಿರೋ ಹುಡುಗರಿಗೆ ಬೆಳಗಿನ ಪಂದ್ಯ ಕೊಡಬೇಕಾಗುತ್ತೆ. ಒಂದು ಪಂದ್ಯ ಮುಂದೆ ಹಾಕಿದರೆ ಉಳಿದ ಪಟ್ಟಿ ಕದಲದೆ ಇರುತ್ತಾ ಅಂತ ಹತ್ತು ನಿಮಿಷ ಕೂತು ಆಡಿಸಿ ನೋಡಿ. ಮೈದಾನದಲ್ಲಿ ನೆಟ್‌ವರ್ಕ್ ಹೋದರೆ ಸ್ಕೋರು ಉಳಿಯುತ್ತಾ ಅನ್ನೋದನ್ನೂ ಫೋನ್ ಡೇಟಾ ಆಫ್ ಮಾಡಿ ನೋಡಿಬಿಡಿ. ಜೊತೆಗೆ ಒಂದು ಸ್ಕೋರ್ ಬುಕ್ಕೂ ಇರಲಿ.

ಕಬಡ್ಡಿ ಸುಲಭ. ನಾಕೌಟ್ ಆದರೆ ಚಾಲಂಜ್‌ನಲ್ಲಿ ಹೆಸರು ತುಂಬಿದರೆ ಸಾಕು, ಯಾರು ಯಾರ ಜೊತೆ ಆಡಬೇಕು ಅನ್ನೋ ಡ್ರಾ ತಾನೇ ಮಾಡುತ್ತೆ, ಬೈ (ಮೊದಲ ಸುತ್ತು ಆಡದೇ ಮುಂದೆ ಹೋಗೋ ಅವಕಾಶ) ತಾನೇ ಕೊಡುತ್ತೆ. 14 ತಂಡಕ್ಕೆ 13 ಪಂದ್ಯ, ಎರಡು ಬೈ. ಬೈ ಯಾರಿಗೆ ಅನ್ನೋದನ್ನು ಮಾತ್ರ ಎಲ್ಲರೆದುರು ಚೀಟಿ ಎತ್ತಿ, ಆಮೇಲೆ ಅದರಲ್ಲಿ ತುಂಬಿ. ಕಂಪ್ಯೂಟರ್ ಕೊಟ್ಟಿತು ಅಂದರೆ ನಮ್ಮವರು ನಂಬಲ್ಲ.

ದುಡ್ಡು ಕೊಟ್ಟೇ ತಗೋತೀನಿ ಅಂದರೆ ಮೂರು ವಿಷಯ ಕೇಳಿ. ದರ ತಂಡಕ್ಕಾ, ತಿಂಗಳಿಗಾ, ಟೂರ್ನಿಗಾ? ಯುಪಿಐ ನಡೆಯುತ್ತಾ, ಇಲ್ಲ ಡಾಲರ್‌ನಲ್ಲಿ ಕಾರ್ಡೇ ಬೇಕಾ? ಫಲಿತಾಂಶ ಎಲ್ಲಾ ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದಾ? ಮೂರನೆಯದು ಮುಖ್ಯ. ನಾವು ಒಮ್ಮೆ ಹಿಡಿದಿದ್ದ ಒಂದು ಸಾಫ್ಟ್‌ವೇರ್, ಹೆಸರು ಬೇಡ, ಫ್ರೀ ಅವಧಿ ಮುಗಿದ ಕೂಡಲೇ ಲೀಗ್ ಅರ್ಧದಲ್ಲಿರುವಾಗ ಪಟ್ಟಿಗೆ ಬೀಗ ಹಾಕಿತು. ಡೌನ್‌ಲೋಡ್‌ಗೂ ದುಡ್ಡು ಕೇಳಿತು. ಆಮೇಲಿಂದ ನಾನು ಪ್ರತಿ ಭಾನುವಾರ ರಾತ್ರಿ ಪಾಯಿಂಟ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ನಾಯಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ತೀನಿ. ತಕರಾರು ಇದ್ದರೆ ಸೋಮವಾರ ಸಂಜೆಯೊಳಗೆ ಹೇಳಬೇಕು.