ಚರ್ಚಿಗೆ ತಪ್ಪದೆ ಹೋಗುತ್ತಿದ್ದರೂ ವಿಶ್ವಾಸ ಬತ್ತಿದಂತಿದೆ. ಅದು ಮತ್ತೆ ಹೊಸದಾಗುವುದು ಹೇಗೆ, ಇತರರಿಗೆ ಅದನ್ನು ಹೇಳುವುದು ಹೇಗೆ?

ತಮ್ಮ ಪ್ರಶ್ನೆಯಲ್ಲಿ ಒಂದು ಕ್ರಮವಿದೆ: ಮೊದಲು ನಮ್ಮ ಮನಸ್ಸು ಚಿಗುರಬೇಕು, ಆಮೇಲೆ ಅದನ್ನು ಇತರರೊಂದಿಗೆ ಹಂಚಿಕೊಳ್ಳಬೇಕು. ನಾನೂ ಬಹಳ ಕಾಲ ಹೀಗೆಯೇ ತಿಳಿದಿದ್ದೆ. ನನ್ನ ಬದುಕಿನಲ್ಲಿ ಅದು ತಿರುವುಮುರುವಾಗಿ ನಡೆದದ್ದರಿಂದ, ಉಪದೇಶಕ್ಕೆ ಹೋಗದೆ ನಡೆದದ್ದನ್ನು ಹೇಳುತ್ತೇನೆ.

ನಾನು ದಕ್ಷಿಣ ಕನ್ನಡದ ಪ್ರಾಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿದವನು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರ ಕೆಲಸದಿಂದ ಬೆಳೆದ ಕ್ರೈಸ್ತ ಸಭೆಗಳಲ್ಲಿ ನಮ್ಮದೂ ಒಂದು. ಭಾನುವಾರ ಶಾಲೆ, ದೃಢೀಕರಣ, ಕ್ರಿಸ್‌ಮಸ್ ಹಾಡುಗಳು ಎಲ್ಲವೂ ಹಿರಿಯರ ಮನೆಯಂತೆ ನನಗೆ ತಾವಾಗಿಯೇ ಬಂದವು. ನಲವತ್ತು ದಾಟುವ ಹೊತ್ತಿಗೆ ನಾನು ಸಭಾ ಸಮಿತಿಯ ಖಜಾಂಚಿಯಾಗಿದ್ದೆ. ದೇವಾಲಯದ ಮಾಡಿನ ದುರಸ್ತಿ, ಬೆಳೆಹಬ್ಬದ ಹರಾಜಿನ ಲೆಕ್ಕ, ಸಮಿತಿಯ ಸಭೆಗಳು, ಹೀಗೆ ದೇವರ ಮನೆಯ ಕೆಲಸ ಹೆಚ್ಚಿದಂತೆಲ್ಲ ದೇವರೊಂದಿಗಿನ ಮಾತು ಕಡಿಮೆಯಾಗುತ್ತಾ ಬಂತು. ಸಾವು, ರೋಗ, ನಷ್ಟ ಯಾವುದೂ ಇದಕ್ಕೆ ಕಾರಣವಾಗಿರಲಿಲ್ಲ. ಒಂದು ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ಆಚರಿಸುವ ಕರ್ತನ ಭೋಜನದ ರೊಟ್ಟಿ ಕೈಗೆ ಬಂದಾಗ ನಾನು ಮನಸ್ಸಿನಲ್ಲಿ ಬಣ್ಣ ಬಳಿದವರಿಗೆ ಕೊಡಬೇಕಾದ ಬಾಕಿಯನ್ನು ಕೂಡಿಸುತ್ತಿದ್ದೆ. ಸತ್ಯವೇದದ (ಬೈಬಲಿನ) ಕೊನೆಯ ಪುಸ್ತಕವಾದ ಪ್ರಕಟನೆಯ ಎರಡನೆಯ ಅಧ್ಯಾಯದಲ್ಲಿ ಎಫೆಸ ಪಟ್ಟಣದ ಸಭೆಗೆ ಬರೆಯಲಾದ ಪತ್ರ ನೆನಪಾಯಿತು. ಆ ಸಭೆಯವರು ಸೋಮಾರಿಗಳಲ್ಲ. ಅವರ ದುಡಿಮೆಯನ್ನೂ ತಾಳ್ಮೆಯನ್ನೂ ಕರ್ತನು ಮೊದಲು ಮೆಚ್ಚಿ, ಆ ಮೇಲೆಯೇ ಅವರು ಮೊದಲಿನ ಪ್ರೀತಿಯನ್ನು ಬಿಟ್ಟಿದ್ದಾರೆಂದು ಹೇಳುತ್ತಾನೆ. ಅಷ್ಟು ದುಡಿಯುತ್ತಲೇ ಪ್ರೀತಿಯನ್ನು ಕಳೆದುಕೊಳ್ಳಬಹುದು ಎಂಬುದೇ ನನಗೆ ಭಯ ಹುಟ್ಟಿಸಿತು.

ವಿಶ್ವಾಸಕ್ಕೆ ಮತ್ತೆ ಜೀವ ತುಂಬಲೆಂದು ನಡೆಸುವ ಉಜ್ಜೀವನ ಕೂಟಗಳಿಗೆ ಹೋದೆ. ಅಲ್ಲಿ ಹೊಸ ಬದುಕು ಕಂಡವರನ್ನು ನಾನು ಬಲ್ಲೆನಾದ್ದರಿಂದ ಅವುಗಳನ್ನು ಕೀಳಾಗಿ ಕಾಣುವುದಿಲ್ಲ. ಆದರೆ ನನ್ನಲ್ಲಿ ಆ ಉತ್ಸಾಹ ಮೂರು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ.

ಆ ಸಮಯದಲ್ಲಿ ನಮ್ಮ ಸಭಾಪಾಲಕರಾದ ಅಯ್ಯನವರು, ದೃಷ್ಟಿ ಕಳೆದುಕೊಂಡಿದ್ದ ಸಭೆಯ ಒಬ್ಬ ಅಜ್ಜಿಗೆ ಪ್ರತಿ ಶನಿವಾರ ಅರ್ಧ ಗಂಟೆ ಸತ್ಯವೇದ ಓದಿ ಹೇಳಲು ಸಾಧ್ಯವೇ ಎಂದು ಕೇಳಿದರು. ಇನ್ನೊಂದು ಕೆಲಸವೆಂದು ಒಪ್ಪಿಕೊಂಡೆ. ಮೊದಲ ದಿನ ಸಮಿತಿಯ ವರದಿ ಓದುವ ವೇಗದಲ್ಲಿ ಓದುತ್ತಿದ್ದಾಗ ಅಜ್ಜಿ ತಡೆದು, "ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತೀಯಲ್ಲ ಮಗಾ, ನನಗೆ ಎಲ್ಲಿಗೂ ಹೋಗಲಿಕ್ಕಿಲ್ಲ, ನಿಧಾನವಾಗಿ ಓದು" ಎಂದರು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂದ ಮೇಲೆ ಆ ಅನುವಾದ ಹಲವು ಸಲ ಪರಿಷ್ಕಾರಗೊಂಡಿದೆ. ಅಜ್ಜಿಯ ಬಾಯಲ್ಲಿದ್ದುದು ಬಾಲ್ಯದಲ್ಲಿ ಕಲಿತ ಹಳೆಯ ಪಾಠ. ನನ್ನ ಪುಸ್ತಕದ ಪದ ಬೇರೆಯಾದಲ್ಲೆಲ್ಲ ಅವರು ತಮ್ಮ ಪದವನ್ನು ಹೇಳುತ್ತಿದ್ದರು, ನಾವಿಬ್ಬರೂ ಆ ಎರಡು ಪದಗಳ ನಡುವೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆವು. ಸತ್ಯವೇದದ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲಿ, ಬಾಯಾರಿದ ಜಿಂಕೆಯು ನೀರಿಗಾಗಿ ಹಂಬಲಿಸುವ 42ನೆಯ ಕೀರ್ತನೆಯನ್ನು ಅಷ್ಟು ನಿಧಾನವಾಗಿ ನಾನು ಎಂದೂ ಓದಿರಲಿಲ್ಲ. ಆ ಬಾಯಾರಿಕೆ ನನ್ನಲ್ಲೂ ಇದೆ ಎಂಬುದು ನನ್ನ ಸ್ವರ ನನ್ನ ಕಿವಿಗೇ ಬಿದ್ದಾಗ ತಿಳಿಯಿತು.

ಕೆಲವು ತಿಂಗಳ ನಂತರ 88ನೆಯ ಕೀರ್ತನೆ ಬಂತು. ಬೇರೆ ಪ್ರಲಾಪಗಳು ಬಹುಮಟ್ಟಿಗೆ ಸ್ತುತಿಯ ಕಡೆಗೆ ಹೊರಳಿದರೆ, ಇದು ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ. ಕತ್ತಲೆಯಲ್ಲಿ ಕುಳಿತವರ ಮುಂದೆ ಇದು ಬೇಡವೆಂದು ಹಾಳೆ ಮಗುಚಿದೆ. ಅವರಿಗೆ ಕೀರ್ತನೆಗಳ ಕ್ರಮ ಬಾಯಿಪಾಠವಾಗಿತ್ತು. "ಅದನ್ನೂ ಬರೆದಿಟ್ಟಿದ್ದಾರಲ್ಲ, ಬಿಡುವುದು ಹೇಗೆ?" ಎಂದು ಕೇಳಿ ಪೂರ್ತಿ ಓದಿಸಿದರು. ಆ ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, "ಕರ್ತನೇ, ಬಹಳ ದಿನಗಳಿಂದ ನಿನ್ನ ಮುಂದೆ ನನಗೆ ಏನೂ ಅನಿಸುತ್ತಿಲ್ಲ" ಎಂದು ಪ್ರಾರ್ಥಿಸಿದೆ. ಎಷ್ಟೋ ವರ್ಷಗಳಲ್ಲಿ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದು. ಬೆಳಕೇನೂ ಹೊಳೆಯಲಿಲ್ಲ. ಆದರೆ ಮರುದಿನವೂ ಮಾತನಾಡಬೇಕೆನಿಸಿತು, ಅದರ ಮರುದಿನವೂ. ಪುನರುಜ್ಜೀವನ ಎಂಬ ದೊಡ್ಡ ಪದಕ್ಕೆ ನನ್ನ ಅನುಭವದಲ್ಲಿರುವ ಅರ್ಥ ಇಷ್ಟು.

ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಎಮ್ಮಾಹುವಿನ ದಾರಿ ಹಿಡಿದ ಇಬ್ಬರು ಶಿಷ್ಯರನ್ನು ಗಮನಿಸಿ. ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಆ ಊರಿಗೆ ಅವರು ನಡೆಯುವಾಗ ಅವರಲ್ಲಿ ಹಂಚಲು ಇದ್ದದ್ದು ಯೇಸುವಿನ ಸಾವು ತಂದ ನಿರಾಶೆ ಮಾತ್ರ. ಅದನ್ನೇ ಅವರು ಜೊತೆಗೂಡಿದ ಅಪರಿಚಿತನಿಗೆ ಹೇಳಿಕೊಂಡರು, ಹೊತ್ತು ಇಳಿಯಿತೆಂದು ಮನೆಗೆ ಕರೆದರು, ಮತ್ತು ಅವನು ರೊಟ್ಟಿ ಮುರಿದಾಗ ಅವರ ಕಣ್ಣು ತೆರೆದು, ಅವನು ಸತ್ತು ಎದ್ದ ಯೇಸುವೇ ಎಂದು ತಿಳಿಯಿತು.

ಇನ್ನು ಇತರರಿಗೆ ಹೇಳುವ ವಿಷಯ. ನನ್ನ ನೆರೆಹೊರೆಯಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಗಳಿವೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ; ಆ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕಾನೂನಿಗೂ ಮೊದಲು ನನ್ನನ್ನು ಕಟ್ಟಿಹಾಕುವುದು ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯತೆಯಿಂದ ಹೇಳಿ ಎಂಬುದು ಅಲ್ಲಿಯ ಬುದ್ಧಿವಾದ. ಕೇಳುವವರು ಇರಬೇಕು ಎಂಬುದನ್ನು ನಾವು ಮರೆಯುತ್ತೇವೆ. ಒಬ್ಬರ ಕಾಯಿಲೆಯನ್ನೋ ಸಾಲವನ್ನೋ ಅವಕಾಶವೆಂದು ಬಳಸಿಕೊಳ್ಳುವುದು ಸಾಕ್ಷಿಯಲ್ಲ, ಕ್ರಿಸ್ತನ ಹೆಸರಿಗೆ ಮಾಡುವ ಅನ್ಯಾಯ. ಫರ್ಡಿನೆಂಡ್ ಕಿಟ್ಟೆಲ್ ಅವರು 1853ರಲ್ಲಿ ಇಲ್ಲಿಗೆ ಬಂದು ಕನ್ನಡದ ಹಳೆಯ ಕಾವ್ಯ, ಛಂದಸ್ಸು, ವ್ಯಾಕರಣಗಳಿಗೆ ಕಿವಿಗೊಟ್ಟರು, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು. ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. ಹೇಳುವವನು ಅಷ್ಟು ಆಳವಾಗಿ ಕೇಳಬಲ್ಲವನಾದರೆ ಅವನ ಮಾತಿಗೆ ಬೇರೆಯೇ ತೂಕ ಬರುತ್ತದೆ. ನಾನಂತೂ ಯಾರಾದರೂ ಕೇಳಿದಾಗ ಬಸ್ ನಿಲ್ದಾಣದ ಆ ಸಂಜೆಯನ್ನು ಇದ್ದಷ್ಟೇ ಹೇಳುತ್ತೇನೆ, ಬಣ್ಣ ಹಚ್ಚುವುದಿಲ್ಲ. ಬಳಿಕ ಅವರ ಮಾತನ್ನು ಕೇಳುತ್ತೇನೆ.

ಆದ್ದರಿಂದ ತಮ್ಮ ಮನಸ್ಸು ತುಂಬುವವರೆಗೆ ಕಾಯಬೇಡಿ ಎಂದು ಕೋರುತ್ತೇನೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ತಮ್ಮ ಸಭಾಪಾಲಕರ ಬಳಿ, ಮನೆಯಿಂದ ಹೊರಬರಲಾಗದ ಒಬ್ಬರ ಹೆಸರನ್ನು ಕೇಳಿ ಪಡೆಯಿರಿ. ಅವರು ಒಪ್ಪಿದರೆ ಹೋಗಿ, 42ನೆಯ ಕೀರ್ತನೆಯಿಂದ ಆರಂಭಿಸಿ ನಿಧಾನವಾಗಿ ಓದಿ. ಮುಂದೆ 88ನೆಯದು ಬಂದಾಗ ಹಾಳೆ ಮಗುಚಬೇಡಿ.